ವೈದ್ಯವೃತ್ತಿಯನ್ನು ಹಿಡಿಯುವ ಮುನ್ನ

ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶವು ಹೊರಬಿದ್ದ ದಿನದಿಂದ ಮೆಡಿಕಲ್ ಕಾಲೇಜುಗಳ ಪ್ರವೇಶವು ಮುಗಿಯುವವರೆಗೆ ನಮ್ಮ ನಾಡಿನ ಸಹಸ್ರಾರು ಮನೆಗಳಲ್ಲಿ ಒಂದೇ ಮಾತು ನಡೆಯುತ್ತದೆ. ಹುಡುಗನನ್ನು, ಇಲ್ಲವೆ ಹುಡುಗಿಯನ್ನು, ಡಾಕ್ಟರನ್ನಾಗಿ ಮಾಡುವುದು ಸಾಧ್ಯವೇ? ಸಾಧ್ಯವೇ ಎಂದು ಕೇಳದ ಮನೆಯಿಲ್ಲ. ಉಚಿತವೇ ಎಂದು ಕೇಳುವ ಮನೆಗಳು ಮಾತ್ರ ವಿರಳ. ಅಂಕಗಳು ಹೆಚ್ಚು ಬಂದರೆ ವೈದ್ಯಶಾಸ್ತ್ರ, ಸ್ವಲ್ಪ ಕಡಿಮೆಯಾದರೆ ಬೇರೊಂದು ಶಾಸ್ತ್ರ ಎಂಬುದು ರೂಢಿಯಾಗಿಬಿಟ್ಟಿದೆ. ಹದಿನೇಳು ಹದಿನೆಂಟು ವರ್ಷದ ಎಳೆಯರ ಪರವಾಗಿ ಅಂಕಪಟ್ಟಿಯು ನಿರ್ಣಯ ಮಾಡುತ್ತದೆ. ಅದಕ್ಕೆ ನೆರೆಹೊರೆಯವರ ಮಾತು, ಬಂಧುಗಳ ಪೈಪೋಟಿ, ಮನೆತನದ ಪ್ರತಿಷ್ಠೆ ಇವು ಸಾಕ್ಷಿ ಹಾಕುತ್ತವೆ. ನಲವತ್ತು ವರ್ಷಗಳ ಕಾಲ ಆ ವೃತ್ತಿಯ ನೊಗವನ್ನು ಹೊರತಕ್ಕವರ ಅಭಿಪ್ರಾಯವನ್ನು ಕೇಳುವುದು ಕಟ್ಟಕಡೆಗೆ.

ಈ ವಿಷಯವನ್ನು ಕುರಿತು ಕೆಲವು ಮಾತುಗಳನ್ನು ವಾಚಕರ ಮುಂದಿಡುವುದು ಯುಕ್ತವೆಂದು ತೋರುತ್ತದೆ. ವೈದ್ಯವೃತ್ತಿಯನ್ನು ಹೊಗಳುವುದಾಗಲಿ, ತರುಣರನ್ನು ಅದರಿಂದ ಹಿಮ್ಮೆಟ್ಟಿಸುವುದಾಗಲಿ ನಮ್ಮ ಉದ್ದೇಶವಲ್ಲ. ದೇಶಕ್ಕೆ ವೈದ್ಯರು ಬೇಕು. ಒಳ್ಳೆಯ ವೈದ್ಯರು ಇನ್ನೂ ಹೆಚ್ಚಾಗಿ ಬೇಕು. ಆದುದರಿಂದಲೇ ಆ ವೃತ್ತಿಗೆ ಬರುವವರು ಕಣ್ಣು ತೆರೆದು ಬರಬೇಕೆಂಬುದು ನಮ್ಮ ಆಶಯ.

ಈ ಪ್ರಶ್ನೆಯನ್ನು ನಮ್ಮ ಪ್ರಾಚೀನರು ನಮಗಿಂತಲೂ ಸ್ಪಷ್ಟವಾಗಿ ಕೇಳಿಕೊಂಡಿದ್ದರು. ಚರಕಸಂಹಿತೆಯ ವಿಮಾನಸ್ಥಾನದ ಎಂಟನೆಯ ಅಧ್ಯಾಯವು ಈ ವಿಚಾರದಿಂದಲೇ ಆರಂಭವಾಗುತ್ತದೆ. ವೈದ್ಯನಾಗಬಯಸುವ ಬುದ್ಧಿವಂತನು ತಾನು ಕೈಕೊಳ್ಳುವ ಕಾರ್ಯದ ಗುರುಲಾಘವವನ್ನೂ, ಅದರ ಫಲವನ್ನೂ, ಅದರ ಅನುಬಂಧವನ್ನೂ, ಎಂದರೆ ಬೆನ್ನ ಹಿಂದೆಯೇ ಬರುವ ಪರಿಣಾಮವನ್ನೂ, ದೇಶ ಕಾಲಗಳನ್ನೂ ಮೊದಲು ತಿಳಿದುಕೊಂಡು ಆ ಬಳಿಕ ಓದತಕ್ಕ ಶಾಸ್ತ್ರವನ್ನು ಪರೀಕ್ಷಿಸಬೇಕೆಂಬುದು ಅಲ್ಲಿಯ ತಾತ್ಪರ್ಯ. ಶಿಷ್ಯನನ್ನು ಗುರುವು ಪರೀಕ್ಷಿಸುವುದು ಅನಂತರದ ಮಾತು. ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದೇ ಮೊದಲು. ಎರಡು ಸಹಸ್ರ ವರ್ಷಗಳಷ್ಟು ಹಳೆಯದಾದ ಈ ಉಪದೇಶವು ಇಂದಿನ ವಿದ್ಯಾರ್ಥಿಗೂ ಒಪ್ಪುವಂತಿದೆ. ಆ ಐದು ಅಂಶಗಳನ್ನೇ ಕ್ರಮವಾಗಿ ಇಲ್ಲಿ ವಿಚಾರಿಸೋಣ.

ಕಾರ್ಯದ ಗುರುಲಾಘವ

ಜೀವಶಾಸ್ತ್ರದಲ್ಲಿ ತಮಗೆ ಅಭಿರುಚಿಯುಂಟೆಂಬ ಕಾರಣದಿಂದ ವೈದ್ಯರಾಗಬೇಕೆನ್ನುವ ಹುಡುಗರು ಅನೇಕರು. ಅಭಿರುಚಿಯಿರುವುದು ಒಳ್ಳೆಯದೇ. ಆದರೆ ಪುಸ್ತಕವನ್ನು ನೋಡಿ ಹೃದಯದ ಚಿತ್ರವನ್ನು ಬರೆಯುವುದಕ್ಕೂ, ನಡುರಾತ್ರಿಯಲ್ಲಿ ಎದೆಯನ್ನು ಹಿಡಿದುಕೊಂಡು ಬಂದ ರೋಗಿಯ ಬಳಿ ನಿಲ್ಲುವುದಕ್ಕೂ ಬಹಳ ಅಂತರವಿದೆ. ಜೀವಶಾಸ್ತ್ರವನ್ನು ಪ್ರೀತಿಸುವವನಿಗೆ ಸಂಶೋಧನೆ, ಅಧ್ಯಾಪನ, ಕೃಷಿವಿಜ್ಞಾನ ಮೊದಲಾದ ಬಾಗಿಲುಗಳೂ ತೆರೆದಿವೆ. ವೈದ್ಯನಿಗೆ ಬೇಕಾದುದು ಮನುಷ್ಯನ ಮೇಲಿನ ಪ್ರೀತಿ. ಅದರಲ್ಲಿಯೂ ನರಳುತ್ತಿರುವ, ಸಿಟ್ಟಾಗಿರುವ, ಹೇಳಿದುದನ್ನೇ ಮತ್ತೆ ಮತ್ತೆ ಹೇಳುವ ಮನುಷ್ಯನ ಮೇಲಿನ ಪ್ರೀತಿ.

ವ್ಯಾಸಂಗದ ಸ್ವರೂಪವನ್ನು ತಿಳಿಯೋಣ. ಎಂ.ಬಿ.ಬಿ.ಎಸ್. ಪದವಿಗೆ ನಾಲ್ಕೂವರೆ ವರ್ಷಗಳ ಪಾಠ; ಅದರ ಮೇಲೆ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್; ಒಟ್ಟು ಐದೂವರೆ ವರ್ಷ. ಮೊದಲು ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರಗಳು. ಅನಂತರ ರೋಗಲಕ್ಷಣಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರಗಳು. ಕಡೆಗೆ ವೈದ್ಯ, ಶಸ್ತ್ರವೈದ್ಯ, ಪ್ರಸೂತಿ, ಶಿಶುಚಿಕಿತ್ಸೆಗಳು. ವಿದ್ಯಾರ್ಥಿಯ ಮೊದಲ ಗುರು ಶವಚ್ಛೇದನದ ಮೇಜಿನ ಮೇಲೆ ಮಲಗಿರುವ ಮೃತದೇಹ. ಕಲಕತ್ತೆಯ ಮೆಡಿಕಲ್ ಕಾಲೇಜು 1835ರಲ್ಲಿ ಸ್ಥಾಪಿತವಾದ ಮರುವರ್ಷ ಪಂಡಿತ ಮಧುಸೂದನ ಗುಪ್ತರು ಸಮಾಜದ ನಿಷೇಧವನ್ನು ಲೆಕ್ಕಿಸದೆ ಆ ಮೇಜಿನ ಬಳಿ ನಿಂತರು. ಇಂದಿನ ವಿದ್ಯಾರ್ಥಿಗೆ ಸಮಾಜದ ನಿಷೇಧವಿಲ್ಲ. ತನ್ನ ಅಳುಕನ್ನು ತಾನೇ ಗೆಲ್ಲಬೇಕಾದುದು ಮಾತ್ರ ಇದೆ. ಹೆಚ್ಚಿನವರು ಕೆಲವು ವಾರಗಳಲ್ಲಿ ಅದನ್ನು ಗೆಲ್ಲುತ್ತಾರೆ. ರಕ್ತವನ್ನು ಕಂಡರೆ ತಲೆ ತಿರುಗುವುದೆಂಬ ಒಂದೇ ಕಾರಣಕ್ಕೆ ಯಾರೂ ಹಿಂಜರಿಯಬೇಕಾಗಿಲ್ಲ. ರೋಗಿಯ ಮಾತನ್ನು ಕೇಳುವ ತಾಳ್ಮೆಯಿಲ್ಲದವನು ಹಿಂಜರಿಯುವುದು ಒಳಿತು.

ತರುಣ ವೈದ್ಯರ ದುಡಿಮೆ ಎಷ್ಟು ಕಠಿಣವೆಂಬುದನ್ನು ಹೊರಗಿನವರು ಅರಿಯರು. ಆಸ್ಪತ್ರೆಗಳ ರೆಸಿಡೆಂಟ್ ವೈದ್ಯರು ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆಗಳನ್ನು ಸಾಮಾನ್ಯವಾಗಿ ಮೀರಿ ದುಡಿಯಬಾರದೆಂದು ಕೇಂದ್ರ ಸರಕಾರವು 1992ರಷ್ಟು ಹಿಂದೆಯೇ ಸೂಚಿಸಿತು. ಆ ಸೂಚನೆಯು ಬಹಳ ಕಡೆಗಳಲ್ಲಿ ಕಾಗದದ ಮೇಲೆಯೇ ಉಳಿದಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗವು ನೇಮಿಸಿದ ಕಾರ್ಯಪಡೆಯೊಂದು 2024ರಲ್ಲಿ ಒಪ್ಪಿಸಿದ ವರದಿಯಲ್ಲಿ, ಉತ್ತರ ಕೊಟ್ಟ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳ ಪೈಕಿ ನೂರಕ್ಕೆ 27ಕ್ಕೂ ಹೆಚ್ಚು ಮಂದಿ ಮಾನಸಿಕ ಅಸ್ವಾಸ್ಥ್ಯವನ್ನು ಹೇಳಿಕೊಂಡಿದ್ದಾರೆ. ಅದೇ ವರ್ಷದ ಆಗಸ್ಟ್ 9ರಂದು ಕಲಕತ್ತೆಯ ಸರಕಾರಿ ಆಸ್ಪತ್ರೆಯೊಂದರಲ್ಲಿ ಕರ್ತವ್ಯದ ಮೇಲಿದ್ದ ತರುಣ ವೈದ್ಯೆಯ ಮೇಲೆ ಅತ್ಯಾಚಾರವೂ ಕೊಲೆಯೂ ನಡೆದು ದೇಶವೇ ತಲ್ಲಣಿಸಿತು. ವೈದ್ಯರ ರಕ್ಷಣೆಯ ವಿಚಾರಕ್ಕೆ ಸುಪ್ರೀಂ ಕೋರ್ಟು ರಾಷ್ಟ್ರೀಯ ಕಾರ್ಯಪಡೆಯನ್ನು ರಚಿಸಬೇಕಾಯಿತು. ವೈದ್ಯಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯುವುದಕ್ಕೆ ಕರ್ನಾಟಕದಲ್ಲಿ 2009ರ ಶಾಸನವಿದೆ. ಶಾಸನವಿದ್ದರೂ ರೋಗಿಯು ತೀರಿಕೊಂಡಾಗ ಬಂಧುಗಳ ರೋಷವು ಬಳಿಯಲ್ಲಿರುವ ಕಿರಿಯ ವೈದ್ಯನ ಮೇಲೆ ಬೀಳುವುದು ತಪ್ಪಿಲ್ಲ. ಇವೆಲ್ಲವನ್ನೂ ಹೇಳುವುದು ಹೆದರಿಸುವುದಕ್ಕಾಗಿ ಅಲ್ಲ. ಭಾರವನ್ನು ಎತ್ತುವ ಮುನ್ನ ಅದರ ತೂಕವನ್ನು ನೋಡಬೇಕೆಂಬುದಕ್ಕಾಗಿ.

ಫಲ

ಇನ್ನು ಫಲದ ವಿಚಾರ. ಹಣವು ಫಲವಲ್ಲವೆಂದು ಹೇಳುವುದು ಕಪಟ. ವೈದ್ಯನಿಗೂ ಸಂಸಾರವಿದೆ, ನ್ಯಾಯವಾದ ಸಂಪಾದನೆಯು ಅವನ ಹಕ್ಕು. ಆದರೆ ಮಹಾನಗರದ ಪ್ರಖ್ಯಾತ ಶಸ್ತ್ರವೈದ್ಯರೊಬ್ಬರ ಬಂಗಲೆಯನ್ನೂ ಕಾರುಗಳನ್ನೂ ತೋರಿಸಿ, ಡಾಕ್ಟರಾದರೆ ಹೀಗಾಗಬಹುದೆಂದು ಮಗನಿಗೆ ಹೇಳುವ ತಂದೆಯು ಅರ್ಧಸತ್ಯವನ್ನು ಹೇಳುತ್ತಾನೆ. ಆ ಶಸ್ತ್ರವೈದ್ಯರ ತಲೆಯ ಕೂದಲು ನರೆತಿರುವುದನ್ನು ಅವನು ತೋರಿಸುವುದಿಲ್ಲ. ಬರಿಯ ಎಂ.ಬಿ.ಬಿ.ಎಸ್. ಪದವಿಯನ್ನು ಪಡೆದು ಹೊರಬಿದ್ದ ತರುಣನ ಗಳಿಕೆಯು, ಅವನೊಡನೆ ಪಿ.ಯು.ಸಿ. ಓದಿ ಬೇರೆ ಉದ್ಯೋಗಕ್ಕೆ ಹೋದ ಗೆಳೆಯನ ಗಳಿಕೆಗಿಂತ ಬಹುಕಾಲ ಹೆಚ್ಚಾಗಿರುವುದಿಲ್ಲ. ಹಣವೊಂದೇ ಗುರಿಯಾದವರಿಗೆ ಇದಕ್ಕಿಂತ ಹತ್ತಿರದ ದಾರಿಗಳು ಎಷ್ಟೋ ಇವೆ.

ಈ ವೃತ್ತಿಯ ನಿಜವಾದ ಫಲವನ್ನು ಕಾಣಬೇಕಾದರೆ ಅದನ್ನು ಆಚರಿಸಿದವರ ಬಾಳನ್ನು ನೋಡಬೇಕು. ಆನಂದಿಬಾಯಿ ಜೋಶಿಯವರು ಸಮುದ್ರವನ್ನು ದಾಟಿ 1886ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ವೈದ್ಯಪದವಿಯನ್ನು ಪಡೆದರು. ಮರುವರ್ಷವೇ, ಇಪ್ಪತ್ತೆರಡು ತುಂಬುವುದರೊಳಗೆ, ಕ್ಷಯದಿಂದ ತೀರಿಕೊಂಡರು. ಒಬ್ಬ ರೋಗಿಗೂ ತಾಯ್ನಾಡಿನಲ್ಲಿ ನೆಲೆನಿಂತು ಚಿಕಿತ್ಸೆ ಮಾಡಲು ಅವರಿಗೆ ಆಯುಷ್ಯ ಸಾಲಲಿಲ್ಲ. ಆದರೂ ಅವರು ತೆರೆದ ಬಾಗಿಲು ಮತ್ತೆ ಮುಚ್ಚಲಿಲ್ಲ. 2024ರ ನೀಟ್ ಪರೀಕ್ಷೆಗೆ ಹೆಸರು ಕೊಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳೇ ಆಗಿದ್ದರು. ಸೊಲ್ಲಾಪುರದ ದ್ವಾರಕಾನಾಥ ಕೋಟ್ನೀಸರು 1938ರಲ್ಲಿ ಯುದ್ಧಪೀಡಿತ ಚೀನಕ್ಕೆ ಹೋಗಿ ಗಾಯಾಳುಗಳ ಸೇವೆಯಲ್ಲಿಯೇ 1942ರಲ್ಲಿ ದೇಹವಿಟ್ಟರು. ನಮ್ಮವರೇ ಆದ ಬೀಳಗಿಯ ಡಾಕ್ಟರ್ ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ನೇತ್ರಶಿಬಿರಗಳನ್ನು ನಡೆಸಿ ಪೊರೆ ಬಂದ ಕಣ್ಣುಗಳಿಗೆ ಬೆಳಕು ಕೊಟ್ಟರು. ಡಾಕ್ಟರ್ ಸುದರ್ಶನರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಗಿರಿಜನ ಕಲ್ಯಾಣ ಕೇಂದ್ರವನ್ನು ತೆರೆದು ಸೋಲಿಗರ ನಡುವೆ ನೆಲಸಿದರು. ಡಾಕ್ಟರ್ ಎಂ. ಶಿವರಾಮರು ರೋಗಿಗಳನ್ನು ನೋಡುತ್ತಲೇ 1942ರಲ್ಲಿ ‘ಕೊರವಂಜಿ’ಯನ್ನು ಹೊರಡಿಸಿ ಕನ್ನಡಿಗರನ್ನು ನಗಿಸಿದರು, ಡಾಕ್ಟರ್ ಅನುಪಮಾ ನಿರಂಜನರು ಮಹಿಳೆಯರ ಆರೋಗ್ಯವನ್ನು ಕುರಿತು ಮನೆಯ ಮಾತಿನಲ್ಲಿ ಪುಸ್ತಕಗಳನ್ನು ಬರೆದರು. ಎಲ್ಲರೂ ಮಹಾತ್ಮರಾಗಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಒಂದು ತಾಲ್ಲೂಕಿನಲ್ಲಿ ಮೂವತ್ತು ವರ್ಷ ಪ್ರಾಮಾಣಿಕವಾಗಿ ಕೆಲಸ ಮಾಡಿದ ವೈದ್ಯನು ಸಂತೆಯ ದಿನ ಬೀದಿಯಲ್ಲಿ ನಡೆದಾಗ ಜನರು ಕೈಮುಗಿಯುತ್ತಾರಲ್ಲವೇ, ಆ ಫಲವನ್ನು ಅಳೆಯುವ ತಕ್ಕಡಿ ಯಾವುದು? ಆ ಕೈಮುಗಿತದಿಂದ ಯಾರ ಮನಸ್ಸು ತುಂಬುವುದೋ ಅವರು ಈ ವೃತ್ತಿಗೆ ಬರಲಿ.

ಅನುಬಂಧ

ಅನುಬಂಧವೆಂದರೆ ಬೆನ್ನು ಹತ್ತಿ ಬರುವುದು. ಇಂದಿನ ವೈದ್ಯವಿದ್ಯಾರ್ಥಿಯ ಬೆನ್ನು ಹತ್ತುವುದರಲ್ಲಿ ಮುಖ್ಯವಾದುದು ಸಾಲ. ಸರಕಾರಿ ಕಾಲೇಜಿನ ಶುಲ್ಕವು ಮಧ್ಯಮವರ್ಗದವರ ಕೈಗೆ ನಿಲುಕುವಷ್ಟಿದೆ. ಖಾಸಗಿ ಕಾಲೇಜಿನಲ್ಲಿ ಸರಕಾರದ ಪಾಲಿನ ಸ್ಥಾನವು ಸಿಕ್ಕಿದರೂ ಹೇಗೋ ನಿಭಾಯಿಸಬಹುದು. ಅದನ್ನು ದಾಟಿದರೆ ಶುಲ್ಕವು ಲಕ್ಷ ಲಕ್ಷವಾಗಿ ಏರುತ್ತದೆ. ಡೀಮ್ಡ್ ವಿಶ್ವವಿದ್ಯಾನಿಲಯಗಳಲ್ಲಿ ವರ್ಷಕ್ಕೆ ಇಪ್ಪತ್ತು ಲಕ್ಷ ರೂಪಾಯಿಗಳನ್ನು ಮೀರುವುದೂ ಉಂಟು.

ಈ ಶುಲ್ಕದ ಕಥೆಯಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. ಮೈಸೂರು ಸಂಸ್ಥಾನವು 1924ರಲ್ಲಿ ಬೆಂಗಳೂರಿನಲ್ಲಿ ತೆರೆದು 1930ರಲ್ಲಿ ಮೈಸೂರಿಗೆ ಸಾಗಿಸಿದ ಮೆಡಿಕಲ್ ಕಾಲೇಜು ಸರಕಾರದ ಬೊಕ್ಕಸದಿಂದ ನಡೆಯಿತು. ಸರಕಾರಗಳ ಕೈ ಸಾಲದಿದ್ದಾಗ ಡಾಕ್ಟರ್ ಟಿ.ಎಂ.ಎ. ಪೈಯವರು 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ಮೆಡಿಕಲ್ ಕಾಲೇಜನ್ನು ಆರಂಭಿಸಿ ಹೊಸ ಮಾರ್ಗವನ್ನು ತೋರಿಸಿದರು. ಆ ಮಾರ್ಗದಲ್ಲಿ ಮುಂದೆ ಬಂದವರೆಲ್ಲರ ಉದ್ದೇಶವು ಒಂದೇ ಆಗಿರಲಿಲ್ಲ. ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಶಾಸನವನ್ನು ಕರ್ನಾಟಕವು 1984ರಲ್ಲಿ ಮಾಡಬೇಕಾಯಿತು. ಹೊರರಾಜ್ಯದ ವಿದ್ಯಾರ್ಥಿನಿಯೊಬ್ಬಳು ವರ್ಷಕ್ಕೆ 60,000 ರೂಪಾಯಿ ಕೊಡಲಾರದೆ ಹೂಡಿದ ಮೋಹಿನಿ ಜೈನ್ ವ್ಯಾಜ್ಯವೂ ಇಲ್ಲಿಯದೇ. 1992ರಲ್ಲಿ ಸುಪ್ರೀಂ ಕೋರ್ಟು ಆ ವ್ಯಾಜ್ಯದಲ್ಲಿ ತೀರ್ಪಿತ್ತಿತು. ಅನಂತರ 1993ರಲ್ಲಿಯೂ 2002ರಲ್ಲಿಯೂ ಬಂದ ತೀರ್ಪುಗಳು ಖಾಸಗಿ ಕಾಲೇಜುಗಳ ಹಕ್ಕನ್ನೂ ಸರಕಾರದ ಅಂಕುಶವನ್ನೂ ಬೇರೆ ಬೇರೆ ಬಗೆಯಲ್ಲಿ ಗೊತ್ತುಪಡಿಸಿದವು. ಕೋರ್ಟುಗಳ ತಕ್ಕಡಿ ಹೇಗೆ ತೂಗಿದರೂ ಕೊನೆಗೆ ಹಣವನ್ನು ಎಣಿಸಿಕೊಡಬೇಕಾದವನು ತಂದೆ.

ಒಂದು ಸಾಮಾನ್ಯ ಲೆಕ್ಕವನ್ನು ಹಾಕೋಣ. ಐವತ್ತು ಲಕ್ಷ ರೂಪಾಯಿಗಳನ್ನು ನೂರಕ್ಕೆ ಹತ್ತರ ವಾರ್ಷಿಕ ಬಡ್ಡಿಗೆ ಪಡೆದು ಹತ್ತು ವರ್ಷಗಳಲ್ಲಿ ತೀರಿಸುವುದಾದರೆ ಕಂತು ತಿಂಗಳಿಗೆ 66,000 ರೂಪಾಯಿಗಳನ್ನು ಮುಟ್ಟುತ್ತದೆ. ಓದುವ ವರ್ಷಗಳಲ್ಲಿ ಬೆಳೆದ ಬಡ್ಡಿ ಇದರಲ್ಲಿ ಸೇರಿಲ್ಲ. ಹೊಸದಾಗಿ ಪದವಿ ಪಡೆದ ವೈದ್ಯನು ಈ ಕಂತನ್ನು ಕಟ್ಟಿ, ಮನೆಯನ್ನೂ ನಡೆಸಿ, ಮುಂದಿನ ಓದಿಗೂ ತಯಾರಾಗುವುದು ಹೇಗೆ? ಹೊಲವನ್ನೋ ಮನೆಯನ್ನೋ ಒತ್ತೆಯಿಟ್ಟು ಸಾಲ ಮಾಡಿದ ತಂದೆಯು ಮಗನ ಮುಖವನ್ನು ನೋಡುತ್ತಾನೆ. ಮಗನು ರೋಗಿಯ ಕೈಯನ್ನು ನೋಡುತ್ತಾನೆ. ಬೇಡದ ಪರೀಕ್ಷೆ, ಬೇಡದ ಶಸ್ತ್ರಕ್ರಿಯೆ ಎಂದು ಜನರು ದೂರುವ ಅನಾಚಾರಗಳೆಲ್ಲಕ್ಕೂ ಸಾಲವೇ ಕಾರಣವೆಂದು ನಾವು ಹೇಳಲಾರೆವು. ಆದರೆ ಸಾಲದ ಹೊರೆಯನ್ನು ಹೊತ್ತವನಿಗೆ ಶುದ್ಧವಾಗಿ ನಡೆಯುವುದು ಇಮ್ಮಡಿ ಕಷ್ಟವೆಂಬುದರಲ್ಲಿ ಸಂದೇಹವಿಲ್ಲ. ಒಳ್ಳೆಯ ವೈದ್ಯನಿಗೆ ಚರಕರು ಹೇಳಿದ ನಾಲ್ಕು ಗುಣಗಳಲ್ಲಿ ಶಾಸ್ತ್ರಜ್ಞಾನ, ಅನುಭವ, ಕೈಚಳಕಗಳ ಜೊತೆಗೆ ಶೌಚವೂ ಒಂದು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಇಲ್ಲಿ ಮನೆತನವನ್ನಷ್ಟೇ ಅಲ್ಲ, ರೋಗಿಯನ್ನೂ ಕಾಯುತ್ತದೆ.

ಸ್ವದೇಶದ ಶುಲ್ಕಕ್ಕೆ ಅಂಜಿ ಪರದೇಶಕ್ಕೆ ಹೋಗುವವರೂ ಅನೇಕರಿದ್ದಾರೆ. ಅಲ್ಲಿ ಖರ್ಚು ಕಡಿಮೆಯಿರಬಹುದು, ನಿಬಂಧನೆಗಳು ಕಡಿಮೆಯಿಲ್ಲ. 2021ರ ನಿಯಮಗಳ ಪ್ರಕಾರ ಅಲ್ಲಿ ಕನಿಷ್ಠ 54 ತಿಂಗಳ ವ್ಯಾಸಂಗವೂ, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ಪೂ ಆಗಬೇಕು. ಪಾಠವು ಇಂಗ್ಲಿಷಿನಲ್ಲಿ ನಡೆದಿರಬೇಕು. ಹಿಂದಿರುಗಿದ ಮೇಲೆ ಇಲ್ಲಿಯ ಅರ್ಹತಾ ಪರೀಕ್ಷೆಯನ್ನು ದಾಟಿ ಮತ್ತೆ 12 ತಿಂಗಳ ತರಬೇತಿಯನ್ನು ಪಡೆಯಬೇಕು. 2022ರಲ್ಲಿ ಉಕ್ರೇನಿನ ಮೇಲೆ ಯುದ್ಧವು ಎರಗಿದಾಗ ಸಹಸ್ರಾರು ಭಾರತೀಯ ವೈದ್ಯವಿದ್ಯಾರ್ಥಿಗಳು ಓದನ್ನು ಅರ್ಧಕ್ಕೆ ಬಿಟ್ಟು ಓಡಿಬಂದರು. ಕರ್ನಾಟಕದ ವಿದ್ಯಾರ್ಥಿಯೊಬ್ಬನು ಅಲ್ಲಿಯೇ ಪ್ರಾಣವನ್ನು ತೆತ್ತನು. ದಲಾಲರ ಬಣ್ಣದ ಪತ್ರಿಕೆಗಳನ್ನು ನಂಬುವ ಮುನ್ನ ತಂದೆತಾಯಿಗಳು ಈ ನಿಯಮಗಳನ್ನು ತಾವೇ ಓದಿ ತಿಳಿಯುವುದು ಅಗತ್ಯ.

ದೇಶ

ದೇಶವೆಂದರೆ ಕೆಲಸ ಮಾಡುವ ಎಡೆ. 1943ರಲ್ಲಿ ನೇಮಕವಾದ ಭೋರ್ ಸಮಿತಿಯು 1946ರಲ್ಲಿ ವರದಿಯನ್ನು ಒಪ್ಪಿಸಿದಾಗ ಬ್ರಿಟಿಷ್ ಇಂಡಿಯದಲ್ಲಿ ಸುಮಾರು 47,500 ವೈದ್ಯರಿದ್ದರು. ಎಂದರೆ 6,300 ಜನಕ್ಕೆ ಒಬ್ಬರಂತೆ. ಅವರಲ್ಲಿಯೂ ಹೆಚ್ಚಿನವರು ಪದವೀಧರರಲ್ಲ, ಲೈಸೆನ್ಷಿಯೇಟ್ ವ್ಯಾಸಂಗವನ್ನು ಮಾಡಿದವರು. ಎಲ್ಲರಿಗೂ ಒಂದೇ ಮಟ್ಟದ ಪದವಿಯಿರಲೆಂದು ಸಮಿತಿಯು ಸಲಹೆಯಿತ್ತು, ಕ್ರಮೇಣ ಲೈಸೆನ್ಷಿಯೇಟ್ ವ್ಯಾಸಂಗವು ನಿಂತಿತು. ಇಂದು ಆ ಸಂಖ್ಯೆಯನ್ನು ಹೋಲಿಸಿದರೆ ಮಹತ್ತರವಾದ ಬೆಳವಣಿಗೆ ಕಾಣುತ್ತದೆ. 2024ರಲ್ಲಿ ದೇಶದ ದಾಖಲೆಗಳಲ್ಲಿದ್ದ ಅಲೋಪತಿ ವೈದ್ಯರ ಸಂಖ್ಯೆ 13,86,000ವನ್ನು ದಾಟಿತ್ತು.

ಹಾಗಾದರೆ ವೈದ್ಯರ ಕೊರತೆ ನೀಗಿತೇ? ಇಲ್ಲ. ವೈದ್ಯರು ಹೆಚ್ಚಿದರು, ಆದರೆ ಹಳ್ಳಿಗಳಿಗೆ ಹೋಗಲಿಲ್ಲ. ಕೇಂದ್ರ ಸರಕಾರದ ಗ್ರಾಮೀಣ ಆರೋಗ್ಯ ಅಂಕಿಅಂಶಗಳ 2021-22ರ ಸಂಪುಟದ ಪ್ರಕಾರ, ಗ್ರಾಮಾಂತರದ ಸಮುದಾಯ ಆರೋಗ್ಯ ಕೇಂದ್ರಗಳಿಗೆ ಬೇಕಾದ ತಜ್ಞವೈದ್ಯರಲ್ಲಿ ನೂರಕ್ಕೆ ಸುಮಾರು ಎಂಭತ್ತರಷ್ಟು ಕೊರತೆಯಿತ್ತು. ಬಯಲುಸೀಮೆಯಲ್ಲಿ ಒಂದೊಂದು ಸಮುದಾಯ ಕೇಂದ್ರವೂ 1,20,000 ಜನರಿಗೆ ಆಸರೆಯಾಗಬೇಕೆಂಬುದು ನಿಯಮ. ಅಂಥ ಕೇಂದ್ರದಲ್ಲಿ ಶಸ್ತ್ರವೈದ್ಯನಿಲ್ಲ, ಪ್ರಸೂತಿತಜ್ಞೆಯಿಲ್ಲ ಎಂದರೆ, ಹೆರಿಗೆಯ ನೋವು ತಿನ್ನುತ್ತಿರುವ ತಾಯಿಯನ್ನು ಜಿಲ್ಲೆಯ ಊರಿಗೆ ಸಾಗಿಸಬೇಕು. ಆ ದಾರಿಯಲ್ಲಿ ಎಷ್ಟು ಜೀವಗಳು ಹೋಗುವುವೋ!

ಈ ಕೊರತೆಯನ್ನು ತುಂಬುವುದಕ್ಕಾಗಿ ಕರ್ನಾಟಕವು 2012ರಲ್ಲಿ ವೈದ್ಯವ್ಯಾಸಂಗವನ್ನು ಮುಗಿಸಿದವರಿಗೆ ಒಂದು ವರ್ಷದ ಗ್ರಾಮಸೇವೆಯನ್ನು ವಿಧಿಸುವ ಶಾಸನವನ್ನು ಮಾಡಿತು. ಅದು ಕೋರ್ಟಿನ ಮೆಟ್ಟಿಲನ್ನೂ ಹತ್ತಿತು, ಅನಂತರ ತಿದ್ದುಪಡಿಯನ್ನೂ ಪಡೆಯಿತು. ಕಾಯಿದೆಯ ವಿವರವು ಹೇಗೇ ಬದಲಾಗಲಿ, ವಿದ್ಯಾರ್ಥಿಯು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಬದಲಾಗುವುದಿಲ್ಲ. ನಾನು ವೈದ್ಯನಾದರೆ ಎಲ್ಲಿಯ ವೈದ್ಯನಾಗುವೆನು? ಇಂಡಿ, ದೇವದುರ್ಗ, ಪಾವಗಡ, ಹನೂರುಗಳಲ್ಲಿ ನಾಲ್ಕು ವರ್ಷವಾದರೂ ಕೆಲಸ ಮಾಡುವ ಮನಸ್ಸು ನನಗುಂಟೇ? ನಗರದ ಒಂದೇ ಬೀದಿಯಲ್ಲಿ ಹತ್ತು ನಾಮಫಲಕಗಳ ಮಧ್ಯೆ ಹನ್ನೊಂದನೆಯದನ್ನು ತೂಗಹಾಕುವುದಕ್ಕೇ ಇಷ್ಟು ಶ್ರಮವೇ?

ಇಲ್ಲಿ ಕನ್ನಡದ ವಿಷಯವನ್ನೂ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ತಾವು ವೈದ್ಯಶಾಸ್ತ್ರಕ್ಕೆ ಅರ್ಹರಲ್ಲವೆಂದು ಮೊದಲೇ ಕೈಬಿಡುತ್ತಾರೆ. ನೀಟ್ ಪ್ರಶ್ನಪತ್ರಿಕೆಯು ಕನ್ನಡವೂ ಸೇರಿ 13 ಭಾಷೆಗಳಲ್ಲಿ ದೊರೆಯುತ್ತದೆ. ರಾಜ್ಯದ ಪಾಲಿನ ಸ್ಥಾನಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೂ ಕನ್ನಡ ಮಾಧ್ಯಮದವರಿಗೂ ಮೀಸಲಾತಿಯಿದೆ. ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನದ 371ನೆಯ ಜೆ ವಿಧಿಯ ಆಸರೆಯಿದೆ. ಕಾಲೇಜಿನ ಪಾಠವು ಇಂಗ್ಲಿಷಿನಲ್ಲಿ ನಡೆಯುವುದರಿಂದ ಮೊದಲ ಕೆಲವು ತಿಂಗಳು ತೊಡಕಾಗುವುದು ನಿಜ. ಆದರೆ ಆಸ್ಪತ್ರೆಯ ವಾರ್ಡಿಗೆ ಕಾಲಿಟ್ಟ ದಿನ ಲೆಕ್ಕವು ತಿರುವುಮುರುವಾಗುತ್ತದೆ. ‘ಹೊಟ್ಟೆ ತೊಳಸುತ್ತದೆ’, ‘ಎದೆ ಧಗಧಗ ಅನ್ನುತ್ತದೆ’, ‘ಕೈಕಾಲು ಜೋಮು ಹಿಡಿದಿದೆ’ ಎಂದು ಮುದುಕಿಯೊಬ್ಬಳು ಹೇಳಿದುದನ್ನು ಸರಿಯಾಗಿ ಅರ್ಥಮಾಡಿಕೊಳ್ಳುವವನು ಆಕೆಯ ಭಾಷೆಯಲ್ಲಿ ಬೆಳೆದವನೇ.

ಕಾಲ

ಕಡೆಯದು ಕಾಲ. ಹದಿನೆಂಟಕ್ಕೆ ಕಾಲೇಜು ಸೇರಿದವನಿಗೆ ಎಂ.ಬಿ.ಬಿ.ಎಸ್. ಮುಗಿಯುವಾಗ ಇಪ್ಪತ್ಮೂರೂವರೆ. ಎಂ.ಡಿ. ಅಥವಾ ಎಂ.ಎಸ್.ಗೆ ಮೂರು ವರ್ಷ, ಇಪ್ಪತ್ತಾರೂವರೆ. ಅದಕ್ಕೂ ಮೇಲಿನ ವಿಶೇಷ ವ್ಯಾಸಂಗಕ್ಕೆ ಮತ್ತೆ ಮೂರು, ಇಪ್ಪತ್ತೊಂಬತ್ತೂವರೆ. ಎಲ್ಲಿಯೂ ಒಂದು ದಿನ ವ್ಯರ್ಥವಾಗದಿದ್ದರೆ ಈ ಲೆಕ್ಕ. ಪ್ರವೇಶಕ್ಕೆ ಒಂದೆರಡು ವರ್ಷ, ಗ್ರಾಮಸೇವೆಗೆ ಒಂದು ವರ್ಷ, ಸ್ನಾತಕೋತ್ತರ ಪ್ರವೇಶಕ್ಕೆ ಮತ್ತೊಂದು ವರ್ಷ ಸೇರಿದರೆ ಮೂವತ್ತು ಸಲೀಸಾಗಿ ದಾಟುತ್ತದೆ. ಸ್ನಾತಕೋತ್ತರ ಪ್ರವೇಶವೂ ಸುಲಭವಲ್ಲ. 2024ರಲ್ಲಿ ಎರಡು ಲಕ್ಷಕ್ಕೂ ಮಿಕ್ಕು ವೈದ್ಯರು ಆ ಪರೀಕ್ಷೆಗೆ ಕುಳಿತರು; ದೇಶದಲ್ಲಿದ್ದ ಸ್ಥಾನಗಳು ಸುಮಾರು 73,000. ಆದುದರಿಂದ ಎಂ.ಬಿ.ಬಿ.ಎಸ್. ಪ್ರವೇಶವೇ ಗುಡ್ಡದ ತುದಿಯೆಂದು ತಿಳಿದವರು ಅಲ್ಲಿಂದ ಮುಂದೆ ಬೆಟ್ಟವನ್ನು ಕಾಣುತ್ತಾರೆ.

ಆ ಮೊದಲ ಗುಡ್ಡವೇನು ಸಣ್ಣದೇ? 2024ರ ನೀಟ್ ಪರೀಕ್ಷೆಗೆ 23 ಲಕ್ಷಕ್ಕೂ ಮಿಕ್ಕು ವಿದ್ಯಾರ್ಥಿಗಳು ಕುಳಿತರು. ಆ ವರ್ಷ ದೇಶದ ಎಂ.ಬಿ.ಬಿ.ಎಸ್. ಸ್ಥಾನಗಳು ಸರಿಸುಮಾರು 1,17,000. ಅದರಲ್ಲಿ ಸರಕಾರಿ ಕಾಲೇಜುಗಳ ಪಾಲು ಅರ್ಧದ ಆಸುಪಾಸು. ಇಪ್ಪತ್ತು ಮಂದಿಗೆ ಒಂದು ಸ್ಥಾನ. ಕಡಿಮೆ ಶುಲ್ಕದ ಸ್ಥಾನ ಬೇಕೆಂದರೆ ನಲವತ್ತು ಮಂದಿಗೆ ಒಂದು. 720 ಅಂಕಗಳ ಆ ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕದ ದಂಡ. ಒಂದೆರಡು ಪ್ರಶ್ನೆಗಳ ಅಂತರದಲ್ಲಿ ಸಹಸ್ರಾರು ಮಂದಿ ಹಿಂದೆ ಬೀಳುತ್ತಾರೆ. ಸಾಲದುದಕ್ಕೆ ಆ ವರ್ಷ ಪಾಟ್ನಾ ಹಜಾರಿಬಾಗ್‌ಗಳಲ್ಲಿ ಪ್ರಶ್ನಪತ್ರಿಕೆಯು ಸೋರಿಹೋದುದು ಬೆಳಕಿಗೆ ಬಂದಿತು. ಇಡೀ ಪರೀಕ್ಷೆಯನ್ನು ರದ್ದುಪಡಿಸುವಷ್ಟು ವ್ಯಾಪಕವಾದ ಲೋಪವು ಸ್ಥಾಪಿತವಾಗಿಲ್ಲವೆಂದು ಜುಲೈ 23ರಂದು ಸುಪ್ರೀಂ ಕೋರ್ಟು ಹೇಳಿತು. ಪ್ರಾಮಾಣಿಕವಾಗಿ ಓದಿದ ಮಕ್ಕಳು ಆ ಎರಡು ತಿಂಗಳು ಅನುಭವಿಸಿದ ಸಂಕಟಕ್ಕೆ ಪರಿಹಾರವು ಯಾವ ತೀರ್ಪಿನಲ್ಲಿಯೂ ಇರಲಾರದು.

ನಿರ್ಣಯದ ಕ್ರಮ

ಇಷ್ಟನ್ನೂ ತಿಳಿದ ಮೇಲೆ ವಿದ್ಯಾರ್ಥಿಯು ಮಾಡಬೇಕಾದುದೇನು? ನಮ್ಮ ಅಲ್ಪಮತಿಗೆ ತೋರಿದ ಕೆಲವು ಸೂಚನೆಗಳನ್ನು ಮುಂದಿಡುತ್ತೇವೆ.

ಮೊದಲನೆಯದಾಗಿ, ಎಸ್.ಎಸ್.ಎಲ್.ಸಿ. ಮುಗಿದ ಬೇಸಗೆಯಲ್ಲಿ, ಪರಿಚಯದ ವೈದ್ಯರ ಅನುಮತಿಯನ್ನು ಪಡೆದು, ತಾಲ್ಲೂಕು ಆಸ್ಪತ್ರೆಯ ಹೊರರೋಗಿಗಳ ಸಾಲಿನ ಪಕ್ಕದಲ್ಲಿ ಒಂದು ವಾರ ಕುಳಿತು ನೋಡಲಿ. ಪ್ರಸಿದ್ಧ ವೈದ್ಯರ ಬಳಿಗಿಂತ, ಇಂಟರ್ನ್‌ಶಿಪ್ ಮಾಡುತ್ತಿರುವ ತರುಣರ ಬಳಿ ಮಾತಾಡಲಿ, ದಾದಿಯರೊಡನೆಯೂ ಮಾತಾಡಲಿ. ಏಳನೆಯ ದಿನ ಅಲ್ಲಿಗೆ ಮತ್ತೆ ಹೋಗಬೇಕೆನಿಸಿದರೆ ಅದು ಶುಭಸೂಚನೆ.

ಎರಡನೆಯದಾಗಿ, ಪಿ.ಯು.ಸಿ.ಯಲ್ಲಿ ಗಣಿತವನ್ನು ಕೈಬಿಡದೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರಗಳು ನಾಲ್ಕನ್ನೂ ಓದುವುದು, ಶಕ್ತಿಯಿದ್ದವರಿಗೆ ಕ್ಷೇಮ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರುತ್ತದೆ.

ಮೂರನೆಯದಾಗಿ, ಮೊದಲ ಪರೀಕ್ಷೆಗೆ ಮುನ್ನವೇ ತಂದೆ ಮಕ್ಕಳು ಕುಳಿತು, ಎಷ್ಟು ಸಲ ಪ್ರಯತ್ನಿಸುವುದು, ಎಷ್ಟು ಹಣದವರೆಗೆ ಹೋಗುವುದು ಎಂಬುದನ್ನು ಕಾಗದದ ಮೇಲೆ ಬರೆದಿಡಲಿ. ಪರೀಕ್ಷೆಗೆ ವಯೋಮಿತಿಯಿಲ್ಲವೆಂದು ಆಯುಷ್ಯವನ್ನು ಕೋಚಿಂಗ್ ಕೊಠಡಿಗಳಲ್ಲಿ ಕಳೆಯುವುದು ಸಲ್ಲದು. ಎರಡನೆಯ ಪ್ರಯತ್ನವು ವಿವೇಕ. ನಾಲ್ಕನೆಯದು ಬಹುಮಟ್ಟಿಗೆ ಹಠ.

ನಾಲ್ಕನೆಯದಾಗಿ, ಒಂದೇ ಪ್ರಶ್ನೆಯನ್ನು ಹುಡುಗನಾಗಲಿ ಹುಡುಗಿಯಾಗಲಿ ಏಕಾಂತದಲ್ಲಿ ಕೇಳಿಕೊಳ್ಳಲಿ. ವೈದ್ಯರಿಗೆ ಇಂದಿರುವ ಮನ್ನಣೆಯೂ, ಮದುವೆಯ ಮಾತುಕತೆಯಲ್ಲಿ ಅವರಿಗಿರುವ ಬೆಲೆಯೂ ನಾಳೆ ಇಲ್ಲವಾದರೆ, ಆಗಲೂ ನಾನು ಈ ಕೆಲಸವನ್ನೇ ಬಯಸುವೆನೇ? ಹೌದೆಂದು ಮನಸ್ಸು ಹೇಳಿದರೆ ಮುಂದಕ್ಕೆ ಹೋಗಲಿ. ಅಂಥವರನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಹೆಣ್ಣುಮಗಳಿಗೆ ಓದು ಮುಗಿಯುವುದರೊಳಗೆ ವಯಸ್ಸಾಗುವುದೆಂದು ತಡೆಯುವ ಹಿರಿಯರು ಆನಂದಿಬಾಯಿಯವರನ್ನು ಒಮ್ಮೆ ನೆನೆಯಲಿ.

ಇಲ್ಲವೆಂದು ಮನಸ್ಸು ಹೇಳಿದರೆ ಅದೇನೂ ಸೋಲಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯವು ಹುಡುಗನಿಗೆ ಬರಬೇಕು; ಕೇಳುವ ಧೈರ್ಯವು ತಂದೆಗೆ ಬರಬೇಕು. ರೋಗಿಯ ಸೇವೆಗೆ ಡಾಕ್ಟರ ಪದವಿಯೊಂದೇ ದಾರಿಯಲ್ಲ. ಶುಶ್ರೂಷೆ, ಔಷಧಶಾಸ್ತ್ರ, ಫಿಸಿಯೋಥೆರಪಿ, ಪ್ರಯೋಗಾಲಯದ ಕೆಲಸ, ಕ್ಷಕಿರಣ ತಂತ್ರ, ಸಾರ್ವಜನಿಕ ಆರೋಗ್ಯ ಇವೆಲ್ಲವೂ ಮಾನ್ಯವಾದ ವೃತ್ತಿಗಳು. ಇವುಗಳಲ್ಲಿ ಹಲವಕ್ಕೆ ಒಂದು ವ್ಯವಸ್ಥೆಯನ್ನು ಕೊಡಲೆಂದು 2021ರಲ್ಲಿ ಪಾರ್ಲಿಮೆಂಟು ಪ್ರತ್ಯೇಕ ಶಾಸನವನ್ನೇ ಮಾಡಿದೆ. ಕೊರೋನಾ ಮಹಾಮಾರಿಯ 2020 ಮತ್ತು 2021ರ ದಿನಗಳಲ್ಲಿ ನಾಡನ್ನು ಕಾಯ್ದವರು ವೈದ್ಯರು ಮಾತ್ರವಲ್ಲ; ದಾದಿಯರು, ತಂತ್ರಜ್ಞರು, ಆಶಾ ಕಾರ್ಯಕರ್ತೆಯರು ಅವರೊಡನೆ ಹೆಗಲುಕೊಟ್ಟರು. ಡಾಕ್ಟರಾಗದವನು ಏನೂ ಆಗದವನೆಂಬ ಭಾವನೆಯು ಮೊದಲು ನಮ್ಮ ಜಗಲಿಗಳಿಂದ ತೊಲಗಬೇಕು.

ಸರಕಾರದ ಪಾಲಿನ ಹೊಣೆಯನ್ನು ಹೇಳದೆ ಮುಗಿಸುವುದು ನ್ಯಾಯವಲ್ಲ. ಸೋರದ ಪರೀಕ್ಷೆ, ಬಡವನಿಗೆ ಎಟುಕುವ ಶುಲ್ಕ, ನಿದ್ರೆಗೆ ಅವಕಾಶವಿರುವ ದುಡಿಮೆಯ ಅವಧಿ, ರಾತ್ರಿಪಾಳಿಯ ವೈದ್ಯೆಗೆ ಬೀಗವಿರುವ ಕೊಠಡಿ, ಹಳ್ಳಿಗೆ ಹೋದ ವೈದ್ಯನಿಗೆ ವಾಸಯೋಗ್ಯವಾದ ಮನೆ ಮತ್ತು ಮಕ್ಕಳಿಗೆ ಶಾಲೆ ಇವು ದಾನಗಳಲ್ಲ. ಇವನ್ನು ಒದಗಿಸದೆ ತರುಣರಿಂದ ತ್ಯಾಗವನ್ನು ಮಾತ್ರ ಬೇಡುವುದು ಅಧಿಕಾರಿಗಳಿಗೆ ಶೋಭಿಸದು. ಮೆಡಿಕಲ್ ಕಾಲೇಜುಗಳ ಸಂಖ್ಯೆಯನ್ನು ಹೆಚ್ಚಿಸಿದೆವೆಂದು ಹೇಳಿಕೊಳ್ಳುವವರು, ಅಲ್ಲಿ ಪಾಠ ಹೇಳುವ ಅಧ್ಯಾಪಕರೂ ವಾರ್ಡಿನಲ್ಲಿ ರೋಗಿಗಳೂ ಇದ್ದಾರೆಯೇ ಎಂಬುದಕ್ಕೂ ಉತ್ತರ ಹೇಳಬೇಕು.

ವೈದ್ಯನನ್ನು ನಾರಾಯಣನಿಗೆ ಸಮಾನನೆಂದು ನಮ್ಮ ಹಿರಿಯರು ಕರೆದರು. ಇಂದಿನ ತರುಣನಿಂದ ದೇವತ್ವವನ್ನು ನಾವು ಕೇಳುವುದಿಲ್ಲ. ನಿದ್ದೆಗೆಟ್ಟ ರಾತ್ರಿಯ ಕೊನೆಯ ಜಾವದಲ್ಲಿ, ಸಾಲಿನ ಕೊನೆಯಲ್ಲಿ ನಿಂತ ಬಡವನ ನಾಡಿಯನ್ನೂ ಮೊದಲನೆಯವನ ನಾಡಿಯಷ್ಟೇ ಶ್ರದ್ಧೆಯಿಂದ ಹಿಡಿಯುವ ಮನುಷ್ಯನನ್ನು ಕೇಳುತ್ತೇವೆ. ಅಂಥವನಾಗುವ ಬಯಕೆಯು ಮನಸ್ಸಿನಲ್ಲಿ ಮೂಡಿದೆಯೇ ಇಲ್ಲವೇ ಎಂಬುದನ್ನು ಯಾವ ಪ್ರವೇಶಪರೀಕ್ಷೆಯೂ ಅಳೆಯಲಾರದು. ಅದನ್ನು ಅಳೆಯಬಲ್ಲವನು ವಿದ್ಯಾರ್ಥಿಯೊಬ್ಬನೇ. ಈ ಬೇಸಗೆಯಲ್ಲಿ ಅರ್ಜಿಗೆ ಸಹಿ ಹಾಕುವ ಮುನ್ನ ಆ ಅಳತೆಯನ್ನು ಮಾಡಿಕೊಳ್ಳುವಷ್ಟು ಸಮಯವನ್ನು ತಂದೆತಾಯಿಗಳು ಅವನಿಗೆ ಕೊಡಲೆಂದು ನಾವು ಬಿನ್ನವಿಸುತ್ತೇವೆ.